ಊಟದ ಮೇಜಿನ ಮೇಲೆ ಹನ್ನೊಂದು ಚೀಟಿ

2025ರ ಜೂನ್ 14ರಂದು ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ ಫಲಿತಾಂಶ ಬಂದಾಗ ಉಡುಪಿಯ ಕುಂಜಿಬೆಟ್ಟಿನ ಅಣ್ಣನ ಮನೆಯಲ್ಲಿ ಹಬ್ಬದ ವಾತಾವರಣವಿತ್ತು. 22 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದ ಪರೀಕ್ಷೆಯಲ್ಲಿ ಅಣ್ಣನ ಮಗಳ ಅಖಿಲ ಭಾರತ ರ‍್ಯಾಂಕ್ ಮೊದಲ ಸಾವಿರದೊಳಗೆ ಬಂದಿತ್ತು. ಅತ್ತಿಗೆ ಪಾಯಸ ಮಾಡಿದ್ದರು, ಅಪ್ಪ ತೊಂಬತ್ತರ ಹತ್ತಿರದ ವಯಸ್ಸಿನಲ್ಲೂ ಫೋನ್ ಹಿಡಿದು ಊರಿನ ನೆಂಟರಿಗೆಲ್ಲ ತಾವೇ ಸುದ್ದಿ ಮುಟ್ಟಿಸಿದ್ದರು. ಆದರೆ ಮೂರನೆಯ ದಿನ ನಾನು ಮತ್ತೆ ಹೋದಾಗ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಯಾವ ಕಾಲೇಜು ಎಂಬ ಪ್ರಶ್ನೆ ಬಂದು ಕೂತಿತ್ತು, ಅದಕ್ಕೆ ಮನೆಯ ಒಬ್ಬೊಬ್ಬರಲ್ಲೂ ಒಂದೊಂದು ಉತ್ತರವಿತ್ತು.

ನಾನು ಉಡುಪಿಯಲ್ಲಿ ಜನರಲ್ ಮೆಡಿಸಿನ್ ವೈದ್ಯೆಯಾಗಿ ಕೆಲಸ ಮಾಡುತ್ತಿದ್ದೇನೆ. ಪ್ರತಿ ಜೂನ್ ತಿಂಗಳಲ್ಲಿ ರೋಗಿಗಳ ಮಕ್ಕಳು, ಪರಿಚಯದವರ ಮಕ್ಕಳು ಈ ಪ್ರಶ್ನೆಯನ್ನು ಹೊತ್ತು ಬರುತ್ತಾರೆ. ರ‍್ಯಾಂಕ್ ಕಡಿಮೆ ಬಂದವರಿಗೆ ದಾರಿ ಹೇಳುವವರು ಬೇಕಾದಷ್ಟಿದ್ದಾರೆ, ಏಕೆಂದರೆ ಅಲ್ಲಿ ಪ್ರಶ್ನೆ ಎಲ್ಲಿ ಸಿಗಬಹುದು ಎಂಬುದು ಮಾತ್ರ, ಅದಕ್ಕೆ ಹಿಂದಿನ ವರ್ಷದ ಕಟ್ ಆಫ್ ಪಟ್ಟಿಯೇ ಉತ್ತರ ಕೊಡುತ್ತದೆ. ಎಲ್ಲ ಬಾಗಿಲೂ ತೆರೆದಿರುವ ಮಗುವಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಅವಳಿಗೇನು ಚಿಂತೆ, ಎಲ್ಲಿ ಬೇಕಾದರೂ ಸಿಗುತ್ತದಲ್ಲ ಎಂದು ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ಅಂಥ ಮಕ್ಕಳ ಮನೆಯವರಿಗಾಗಿ, ಆ ಒಂದೂವರೆ ತಿಂಗಳಲ್ಲಿ ನಾವು ನೋಡಿದ್ದನ್ನೂ ತಿಳಿದದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲಿಗೆ ಅಂಕದ ವಿಷಯ. ನಮ್ಮ ಮನೆಯಲ್ಲಿಯೇ ಮೊದಲ ಎರಡು ದಿನ ಎಲ್ಲರೂ 720ರಲ್ಲಿ ಎಷ್ಟು ಎಂಬುದನ್ನೇ ಹಿಡಿದುಕೊಂಡು, ಹಿಂದಿನ ವರ್ಷ ಪಕ್ಕದ ಮನೆಯ ಹುಡುಗನಿಗೆ ಇದಕ್ಕಿಂತ ಹೆಚ್ಚು ಬಂದಿತ್ತಲ್ಲ ಎಂದು ಹೋಲಿಸುತ್ತಿದ್ದರು. ನೀಟ್‌ನಲ್ಲಿ ಈ ಹೋಲಿಕೆಗೆ ಅರ್ಥವೇ ಇಲ್ಲ. 2024ರಲ್ಲಿ 600 ಅಂಕ ಪಡೆದವರ ರ‍್ಯಾಂಕ್ ಸುಮಾರು 80 ಸಾವಿರದ ಆಸುಪಾಸಿನಲ್ಲಿತ್ತು. 2025ರಲ್ಲಿ ಭೌತಶಾಸ್ತ್ರದ ಪ್ರಶ್ನೆಗಳು ಬಹಳ ಕಠಿಣವಾಗಿದ್ದು, ಇಡೀ ದೇಶದಲ್ಲಿ ಅತಿ ಹೆಚ್ಚಿನ ಅಂಕವೇ 686 ಆಗಿತ್ತು, 600ರ ಮೇಲೆ ಪಡೆದವರು ಸುಮಾರು ಸಾವಿರದ ಮುನ್ನೂರು ಮಂದಿ ಮಾತ್ರ. ಒಂದೇ ಅಂಕ ಒಂದು ವರ್ಷ ಸಾಧಾರಣ, ಇನ್ನೊಂದು ವರ್ಷ ಅಸಾಧಾರಣ. ಹಾಗಾಗಿ ಹಿಂದಿನ ವರ್ಷಗಳ ಕಟ್ ಆಫ್ ನೋಡುವಾಗ ಅಂಕದ ಕಾಲಮನ್ನು ಮುಚ್ಚಿಟ್ಟು, ರ‍್ಯಾಂಕಿನ ಕಾಲಮನ್ನು ಮಾತ್ರ, ಅದೂ ತಮ್ಮ ವರ್ಗದ್ದನ್ನು ಮಾತ್ರ ನೋಡಬೇಕು. ಅಖಿಲ ಭಾರತ ಮಟ್ಟದ ಸೀಟು ಹಂಚುವ ಎಂಸಿಸಿ ಮತ್ತು ರಾಜ್ಯದ ಸೀಟು ಹಂಚುವ ಕೆಇಎ ಎರಡೂ ಸುತ್ತುವಾರು ಹಂಚಿಕೆಯ ಪಟ್ಟಿಯನ್ನು ಪ್ರಕಟಿಸುತ್ತವೆ. ದಲ್ಲಾಳಿಗಳ ಬಳಿ ಹೋಗುವ ಅಗತ್ಯವೇ ಇಲ್ಲ.

ನಮ್ಮ ಜಿಲ್ಲೆಗಳ ಸ್ಥಿತಿ ವಿಚಿತ್ರವಾದದ್ದು. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು, 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದ ಬೋಳು ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದರು, 1955ರಲ್ಲಿ ಮಂಗಳೂರಿನ ಕೆಎಂಸಿ ಬಂತು. ಆಮೇಲೆ ಮಂಗಳೂರಿನ ಸುತ್ತಮುತ್ತ ಕಂಕನಾಡಿ, ದೇರಳಕಟ್ಟೆ, ಕುಂಟಿಕಾನ, ಮುಕ್ಕ ಎಂದು ಸಾಲಾಗಿ ಕಾಲೇಜುಗಳು ಎದ್ದವು. ಇಷ್ಟೆಲ್ಲ ಇದ್ದರೂ ನಮ್ಮ ಎರಡು ಜಿಲ್ಲೆಗಳಲ್ಲಿ ನಾವು ಸೀಟು ಹುಡುಕುತ್ತಿದ್ದಾಗ ಒಂದೇ ಒಂದು ಸರ್ಕಾರಿ ವೈದ್ಯಕೀಯ ಕಾಲೇಜು ಇರಲಿಲ್ಲ. ಸರ್ಕಾರಿ ಕಾಲೇಜು ಬೇಕೆಂದರೆ ಜಿಲ್ಲೆಯ ಗಡಿ ದಾಟಿ ಕಾರವಾರಕ್ಕೆ ಹೋಗಬೇಕು, ಇಲ್ಲವೇ ಶಿವಮೊಗ್ಗ, ಹಾಸನ, ಮಡಿಕೇರಿ ಎಂದು ಘಟ್ಟ ಹತ್ತಬೇಕು. ಅಣ್ಣನ ಮಗಳು ಹುಟ್ಟಿದಂದಿನಿಂದ ರಾತ್ರಿ ಮಹಡಿಯ ಮೇಲೆ ನಿಂತು ಮಣಿಪಾಲದ ಆಸ್ಪತ್ರೆಯ ದೀಪಗಳನ್ನು ನೋಡುತ್ತ ಬೆಳೆದವಳು. ಆ ಕಾಲೇಜು ಈಗ ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯದ ಭಾಗ, ವರ್ಷದ ಶುಲ್ಕ ಹದಿನೈದು ಲಕ್ಷಕ್ಕೂ ಮೇಲೆ. ಮನೆಯಿಂದ ಕೆಲವೇ ಕಿಲೋಮೀಟರ್ ದೂರದ ಕಾಲೇಜು, ಬ್ಯಾಂಕ್ ನೌಕರನಾದ ಅಣ್ಣನ ಲೆಕ್ಕದಲ್ಲಿ ದೆಹಲಿಗಿಂತ ದೂರದಲ್ಲಿತ್ತು.

ಆ ಮೂರನೆಯ ದಿನ ಅಣ್ಣ ನನ್ನನ್ನು ಜಗಲಿಗೆ ಕರೆದು ಹೇಳಿದ, "ನೋಡು, ಹೊರಗಿನ ಯಾವುದಾದರೂ ಏಮ್ಸ್ ಸಿಕ್ಕೇ ಸಿಗುತ್ತದೆ ಅಂತ ಎಲ್ಲರೂ ಹೇಳ್ತಾರೆ. ಇಂಥ ರ‍್ಯಾಂಕ್ ಇಟ್ಟುಕೊಂಡು ಬೆಂಗಳೂರಿಗೋ ಮೈಸೂರಿಗೋ ಸೇರಿದರೆ ರ‍್ಯಾಂಕ್ ದಂಡ ಅಲ್ಲವಾ?"

ಈ ದಂಡ ಎಂಬ ಮಾತು ನನ್ನನ್ನು ಬಹಳ ದಿನ ಕಾಡಿತು. ರ‍್ಯಾಂಕ್ ಎನ್ನುವುದು ಕೈಯಲ್ಲಿರುವ ದುಡ್ಡು, ಅದರಲ್ಲಿ ಒಂದು ಪೈಸೆಯೂ ಉಳಿಯದಂತೆ ಅತಿ ದುಬಾರಿಯ ವಸ್ತುವನ್ನೇ ಕೊಳ್ಳಬೇಕು ಎಂದು ನಾವು ಭಾವಿಸುತ್ತೇವೆ. ಐದು ಸಾವಿರದ ರ‍್ಯಾಂಕಿಗೆ ಸಿಗುವ ಕಾಲೇಜನ್ನು ಐನೂರರ ರ‍್ಯಾಂಕಿನವರು ಆರಿಸಿಕೊಂಡರೆ ನಾಲ್ಕು ಸಾವಿರದ ಐನೂರು ಸ್ಥಾನಗಳು ಪೋಲಾದವು ಎಂಬ ಲೆಕ್ಕ. ಆದರೆ ರ‍್ಯಾಂಕ್ ಕೊಡುವುದು ಮೊದಲು ಆರಿಸುವ ಹಕ್ಕನ್ನು ಮಾತ್ರ. ಎಲ್ಲರೂ ಆರಿಸಿದ್ದನ್ನೇ ಆರಿಸಬೇಕೆಂದಾದರೆ ಆ ಹಕ್ಕು ಇದ್ದೂ ಇಲ್ಲದಂತೆ.

ನಾನು ಹೀಗೆ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಾಲದಲ್ಲಿ ನೀಟ್ ಇರಲಿಲ್ಲ, ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಇತ್ತು, ಸೀಟು ಆರಿಸಲು ಬೆಂಗಳೂರಿನ ಮಲ್ಲೇಶ್ವರಕ್ಕೆ ಹೋಗಬೇಕಿತ್ತು. ರಾತ್ರಿ ಬಸ್ಸಿನಲ್ಲಿ ಅಪ್ಪನೊಂದಿಗೆ ಹೋಗಿ, ಸಂಪಿಗೆ ರಸ್ತೆಯ ಆ ಕಟ್ಟಡದ ಮುಂದೆ ಫೈಲು ಹಿಡಿದು ಕಾದು, ಹೆಸರು ಕರೆದಾಗ ಒಳಗೆ ಹೋದರೆ ಪರದೆಯ ಮೇಲೆ ಉಳಿದಿರುವ ಸೀಟುಗಳ ಪಟ್ಟಿ. ನನಗೂ ಒಳ್ಳೆಯ ರ‍್ಯಾಂಕೇ ಬಂದಿತ್ತು, ಎರಡು ಸರ್ಕಾರಿ ಕಾಲೇಜುಗಳು ನನಗೆ ಸಿಗುವಂತಿದ್ದವು. ಆದರೆ ನನಗಿಂತ ಮುಂದಿದ್ದ ನಾಲ್ಕೈದು ಮಂದಿ ಹೊಸ ಕಟ್ಟಡದ, ಹೆಸರು ಮಾಡುತ್ತಿದ್ದ ಒಂದು ಖಾಸಗಿ ಕಾಲೇಜಿನ ಸೀಟನ್ನು ತೆಗೆದುಕೊಂಡದ್ದನ್ನು ನೋಡಿ, ಅಷ್ಟು ಮಂದಿ ಬುದ್ಧಿವಂತರು ಆರಿಸಿದ್ದರೆ ಅದರಲ್ಲಿ ಏನೋ ಇರಲೇಬೇಕು ಎಂದುಕೊಂಡು ಎರಡು ನಿಮಿಷದಲ್ಲಿ ಅದನ್ನೇ ಒತ್ತಿದೆ. ಐದೂವರೆ ವರ್ಷ ಅಲ್ಲಿ ಕಳೆದೆ. ಗ್ರಂಥಾಲಯ ಚೆನ್ನಾಗಿತ್ತು, ಪಾಠ ಮಾಡುವವರು ಪ್ರಾಮಾಣಿಕರು, ಆದರೆ ವಾರ್ಡಿನಲ್ಲಿ ರೋಗಿಗಳು ಸಾಕಷ್ಟಿರಲಿಲ್ಲ. ಗುಲ್ಮ (ಹೊಟ್ಟೆಯ ಎಡಮೇಲ್ಭಾಗದ ಅಂಗ, ಸ್ಪ್ಲೀನ್) ದೊಡ್ಡದಾಗಿದ್ದ ಒಬ್ಬ ರೋಗಿ ದಾಖಲಾದ ದಿನ ಮೂರೂ ಬ್ಯಾಚಿನ ವಿದ್ಯಾರ್ಥಿಗಳು ಆತನ ಮಂಚದ ಸುತ್ತ ಸರದಿಯಲ್ಲಿ ನಿಂತಿದ್ದೆವು. ನನ್ನ ಸರದಿ ಬರುವಾಗ ಮಧ್ಯಾಹ್ನ ಕಳೆದಿತ್ತು. ಆತ ಹೊಟ್ಟೆಯ ಮೇಲಿನ ಹೊದಿಕೆಯನ್ನು ಎಳೆದುಕೊಂಡು, "ಇನ್ನು ಸಾಕಮ್ಮ, ನೋಯ್ತದೆ" ಎಂದ. ನಾನು ಕೈ ಇಡದೆಯೇ ಹಿಂದೆ ಬಂದೆ, ಪುಸ್ತಕದಲ್ಲಿದ್ದುದನ್ನು ನೋಡಿ ದಾಖಲೆ ಪುಸ್ತಕದಲ್ಲಿ ಬರೆದೆ. ನಾನು ಸ್ವಂತ ಕೈಯಿಂದ ಗುಲ್ಮವನ್ನು ಮುಟ್ಟಿ ಗುರುತಿಸಿದ್ದು ಎಂ.ಡಿ.ಗೆ ಸೇರಿದ ಮೇಲೆ, ಬೇರೆ ಊರಿನಲ್ಲಿ.

ಅಣ್ಣನ ಮಗಳಿಗೆ ಹಾಗಾಗಬಾರದು ಎಂಬುದು ನನ್ನ ಹಟವಾಗಿತ್ತು.

ಜುಲೈ ಮೊದಲ ವಾರ ಮಳೆ ಜೋರಾಗಿ, ಕರೆಂಟು ಹೋಗಿ ಬರುತ್ತಿದ್ದ ಒಂದು ರಾತ್ರಿ ಅವಳು ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ, ಹಿಂದಿನ ಬಿಳಿಯ ಬದಿಯಲ್ಲಿ ಒಂದೊಂದು ಕಾಲೇಜಿನ ಹೆಸರು ಬರೆದು ಊಟದ ಮೇಜಿನ ಮೇಲೆ ಹರಡಿದಳು. ದೆಹಲಿ ಏಮ್ಸ್, ಪುದುಚೇರಿಯ ಕೇಂದ್ರ ಸರ್ಕಾರಿ ಸಂಸ್ಥೆ ಜಿಪ್ಮರ್, ಜೋಧಪುರ, ಋಷಿಕೇಶ, ನಾಗಪುರ, ಮಂಗಳಗಿರಿಯ ಏಮ್ಸ್‌ಗಳು, ಬೆಂಗಳೂರು ಮೆಡಿಕಲ್ ಕಾಲೇಜು, ಮೈಸೂರು, ಹುಬ್ಬಳ್ಳಿ, ಕೊನೆಗೆ ಮಣಿಪಾಲ ಮತ್ತು ಮಂಗಳೂರಿನ ಕೆಎಂಸಿ. ಒಟ್ಟು ಹನ್ನೊಂದು. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನ ಮಾತೂ ಬಂದಿತ್ತು. ಅದು 1948ರಿಂದ ಇರುವ ಘನವಾದ ಸಂಸ್ಥೆ, ಆದರೆ ಓದು ಮುಗಿಸಿದವರು ಸೇನೆಯ ವೈದ್ಯಕೀಯ ಸೇವೆಗೆ ಬದ್ಧರಾಗಬೇಕು. ಸೇನೆ ಬೇಕು ಎನ್ನುವವರಿಗೆ ಅದಕ್ಕಿಂತ ಉತ್ತಮವಾದದ್ದು ಇಲ್ಲ, ಬರೀ ಶುಲ್ಕ ಇಲ್ಲವೆಂದು ಹೋಗಬಾರದು ಎಂದು ನಾನು ಹೇಳಿದೆ. ಅವಳು ಆ ಚೀಟಿಯನ್ನು ಬರೆಯಲಿಲ್ಲ. ದೆಹಲಿಯ ಚೀಟಿಯನ್ನು ಅವಳೇ ಪಕ್ಕಕ್ಕಿಟ್ಟಳು, ಸಾಮಾನ್ಯ ವರ್ಗದಲ್ಲಿ ಅಲ್ಲಿಗೆ ಮೊದಲ ಐವತ್ತರ ಆಸುಪಾಸಿನ ರ‍್ಯಾಂಕ್ ಬೇಕು. ಅಪ್ಪ ಮಾತ್ರ ಅದನ್ನು ಮತ್ತೆ ಮೇಲಕ್ಕೆ ಸರಿಸಿದರು. ದೇಶದ ಮೊದಲ ಕಾಲೇಜು ಪಟ್ಟಿಯಲ್ಲಿ ಇರಲಿ, ಇದ್ದರೆ ನಷ್ಟವೇನು ಎಂಬುದು ಅವರ ವಾದ.

ಪಟ್ಟಿ ತುಂಬುವ ಲೆಕ್ಕದಲ್ಲಿ ಅಪ್ಪ ಹೇಳಿದ್ದೇ ಸರಿ, ಇದನ್ನು ಬಹಳ ಜನ ತಿಳಿದಿಲ್ಲ. ಎಂಸಿಸಿಯಾಗಲಿ ಕೆಇಎಯಾಗಲಿ, ನಾವು ಕೊಟ್ಟ ಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ ನೋಡುತ್ತ, ನಮ್ಮ ರ‍್ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಡುತ್ತವೆ. ಸಿಗದ ಕಾಲೇಜನ್ನು ಮೇಲೆ ಬರೆದ ಮಾತ್ರಕ್ಕೆ ಕೆಳಗಿನದಕ್ಕೆ ಇರುವ ಹಕ್ಕು ಒಂದಿನಿತೂ ಕಡಿಮೆಯಾಗುವುದಿಲ್ಲ. ಅದನ್ನು ತಿಳಿಯದೆ, ಮೊದಲು ಖಾತ್ರಿಯಾದದ್ದನ್ನು ಬರೆದು ಆಮೇಲೆ ಆಸೆಯದನ್ನು ಬರೆಯೋಣ ಎಂದು ತಲೆಕೆಳಗು ಮಾಡುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಖಾತ್ರಿಯಾದದ್ದು ಮೇಲಿದ್ದರೆ ಅದೇ ಸಿಗುತ್ತದೆ, ಕೆಳಗೆ ಬರೆದ ಆಸೆಯನ್ನು ಯಂತ್ರ ನೋಡುವುದೇ ಇಲ್ಲ. ಹಾಗಾದರೆ ಪಟ್ಟಿಯ ಕ್ರಮವನ್ನು ನಿರ್ಧರಿಸಬೇಕಾದದ್ದು ಆಸೆ ಒಂದೇ. ಅಲ್ಲಿಗೆ ಮಾತು ಮತ್ತೆ ಮೊದಲಿನ ಜಾಗಕ್ಕೇ ಬಂತು. ಮಗುವಿನ ಆಸೆ ಯಾವುದು, ಅದು ಯಾವುದನ್ನು ನೋಡಿ ಹುಟ್ಟಿದ್ದು?

ಅಣ್ಣನ ಕೈಯಲ್ಲಿ ರಾಷ್ಟ್ರೀಯ ಶ್ರೇಯಾಂಕದ ಪಟ್ಟಿಯಿತ್ತು. ಅದನ್ನು ಬದಿಗಿಡಬೇಕೆಂದು ನಾನು ಹೇಳಲಿಲ್ಲ, ಒಟ್ಟಿಗೆ ಓದೋಣ ಎಂದೆ. 2024ರ ಎನ್ಐಆರ್‌ಎಫ್ ಪಟ್ಟಿಯಲ್ಲಿ ವೈದ್ಯಕೀಯ ವಿಭಾಗದ ಮೊದಲ ನಾಲ್ಕು ಸ್ಥಾನಗಳು ದೆಹಲಿ ಏಮ್ಸ್, ಚಂಡೀಗಢದ ಪಿಜಿಐ, ವೆಲ್ಲೂರಿನ ಸಿಎಂಸಿ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನವು. ಇವುಗಳಲ್ಲಿ ಎರಡನೆಯದೂ ನಾಲ್ಕನೆಯದೂ ಆ ಪಟ್ಟಿ ಬಂದಾಗ ಎಂಬಿಬಿಎಸ್ ಕೋರ್ಸನ್ನೇ ನಡೆಸುತ್ತಿರಲಿಲ್ಲ! ಎಂಬಿಬಿಎಸ್ ಇಲ್ಲದ ಸಂಸ್ಥೆಗಳು ಮೊದಲ ನಾಲ್ಕರಲ್ಲಿ ಎರಡು ಸ್ಥಾನ ಪಡೆಯುವ ಪಟ್ಟಿ, ಎಂಬಿಬಿಎಸ್ ಎಲ್ಲಿ ಓದಬೇಕು ಎಂಬುದಕ್ಕೆ ಹೇಗೆ ಉತ್ತರವಾಗುತ್ತದೆ? ಸಂಶೋಧನಾ ಪ್ರಬಂಧಗಳು, ಬೋಧಕರ ಸಂಖ್ಯೆ, ಹಣಕಾಸು, ಜನರ ಅಭಿಪ್ರಾಯ, ಇವು ಆ ಪಟ್ಟಿಯಲ್ಲಿ ತೂಗುತ್ತವೆ. ಎರಡನೆಯ ವರ್ಷದ ವಿದ್ಯಾರ್ಥಿ ಬೆಳಿಗ್ಗೆ ವಾರ್ಡಿಗೆ ಹೋದರೆ ಒಬ್ಬ ರೋಗಿಯ ಮುಂದೆ ಎಷ್ಟು ಮಂದಿ ನಿಂತಿರುತ್ತಾರೆ ಎಂಬುದು ಅದರಲ್ಲಿ ಎಲ್ಲಿಯೂ ಇಲ್ಲ.

ಅದನ್ನು ಕಣ್ಣಿಂದಲೇ ನೋಡಬೇಕು. ಹಾಗಾಗಿ ಒಂದು ಸೋಮವಾರ ಅವಳನ್ನು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಸೇರುವುದಕ್ಕಲ್ಲ, ಬೋಧನಾ ಆಸ್ಪತ್ರೆ ಎಂದರೆ ಹೇಗಿರುತ್ತದೆ ಎಂದು ಒಮ್ಮೆ ನೋಡಲಿ ಎಂದು. ಹಂಪನಕಟ್ಟೆಯ ಆ ಜಿಲ್ಲಾ ಆಸ್ಪತ್ರೆಗೆ 1848ರ ಇತಿಹಾಸವಿದೆ. ಕೆಎಂಸಿ ಮಂಗಳೂರು ಆರಂಭವಾದ ಕಾಲದಿಂದಲೂ ಅದರ ವಿದ್ಯಾರ್ಥಿಗಳು ಇಲ್ಲಿಯೂ ಲೇಡಿಗೋಷನ್ ಹೆರಿಗೆ ಆಸ್ಪತ್ರೆಯಲ್ಲಿಯೂ ಕಲಿಯುತ್ತಾರೆ. ಖಾಸಗಿ ಕಾಲೇಜೊಂದು ಸರ್ಕಾರಿ ಆಸ್ಪತ್ರೆಯ ರೋಗಿಗಳ ನಡುವೆ ಮಕ್ಕಳನ್ನು ಬೆಳೆಸುವ ಈ ಏರ್ಪಾಡು ಏಳು ದಶಕಗಳಿಂದ ನಡೆದು ಬಂದಿದೆ. ಬೆಳಿಗ್ಗೆ ಎಂಟೂವರೆಗೆ ಹೊರರೋಗಿ ವಿಭಾಗದ ಮುಂದೆ ಸಾಲು ಬೆಳೆದಿತ್ತು. ಉಪ್ಪಿನಂಗಡಿಯಿಂದ ಬಂದವರು, ಕಾಸರಗೋಡಿನವರು, ಘಟ್ಟದ ಮೇಲಿನವರು. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ, ಒಂದೇ ಬೆಂಚಿನ ಮೇಲೆ ಐದು ಭಾಷೆ.

ಪರಿಚಯದ ವೈದ್ಯರ ಅನುಮತಿಯಿಂದ ನಾವು ಬಾಗಿಲ ಬಳಿ ನಿಂತಿದ್ದೆವು. ಉತ್ತರ ಭಾರತದ ಕಡೆಯವನೆಂದು ಮಾತಿನಲ್ಲೇ ತಿಳಿಯುವ ಒಬ್ಬ ಇಂಟರ್ನ್ (ಓದಿನ ಕೊನೆಯಲ್ಲಿ ಆಸ್ಪತ್ರೆಯ ತರಬೇತಿಯಲ್ಲಿರುವ) ಹುಡುಗ ಎಪ್ಪತ್ತು ದಾಟಿದ ಒಬ್ಬ ಅಜ್ಜಿಯ ಮುಂದೆ ಬಗ್ಗಿ, "ಬೇನೆ ಓಲು?" ಎಂದು ಕೇಳಿದ. ಅಜ್ಜಿ ಅವನ ಮುಖವನ್ನೇ ನೋಡಿದರು. ಅವನು ಮತ್ತೊಮ್ಮೆ, ನಿಧಾನವಾಗಿ, "ಬೇನೆ ಓಲು? ಏತ್ ದಿನ ಆಂಡ್?" ಎಂದ. ನೋವೆಲ್ಲಿ, ಎಷ್ಟು ದಿನವಾಯಿತು ಎಂಬ ಆ ಎರಡು ಪ್ರಶ್ನೆ ಬಿಟ್ಟರೆ ಅವನಲ್ಲಿ ಬೇರೆ ತುಳು ಇರಲಿಲ್ಲವೆಂದು ಕಾಣುತ್ತದೆ. ಅಜ್ಜಿಯ ಮುಖ ಅರಳಿತು. ಉತ್ತರವಾಗಿ ಅವರು ಹೇಳಿದ ಉದ್ದದ ಕಥೆ ಅವನಿಗೆ ಅರ್ಥವಾಗಲಿಲ್ಲ, ಆದರೆ ಹೇಳುತ್ತ ಹೇಳುತ್ತ ಅವರ ಬಲಗೈ ತಾನಾಗಿಯೇ ಪಕ್ಕೆಲುಬಿನ ಕೆಳಗೆ ಹೋಗಿ ನಿಂತಿತು. ಅವನು ಅದೇ ಜಾಗದ ಮೇಲೆ ತನ್ನ ಕೈಯಿಟ್ಟ. ನನ್ನ ಪಕ್ಕದಲ್ಲಿ ನಿಂತಿದ್ದವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಬರುವಾಗ ಬಸ್ಸಿನಲ್ಲಿ ಸುರತ್ಕಲ್ ದಾಟುವವರೆಗೂ ಸುಮ್ಮನಿದ್ದು, ಆಮೇಲೆ ಕೇಳಿದಳು, "ಅತ್ತೆ, ಋಷಿಕೇಶದಲ್ಲಿ ನಾನು ಆ ಹುಡುಗನ ಹಾಗೆ ಇರುತ್ತೇನಲ್ಲ?"

ಹೌದು ಎಂದೆ. ಅದು ದೋಷವಲ್ಲ ಎಂದೂ ಹೇಳಿದೆ. ಅವನು ಕಲಿತ ಹಾಗೆ ಅವಳೂ ಕಲಿಯುತ್ತಾಳೆ, ಈಗಿನ ಪಠ್ಯಕ್ರಮದಲ್ಲಿ ಮೊದಲ ವರ್ಷದ ಆರಂಭದ ಅಡಿಪಾಯ ತರಗತಿಗಳಲ್ಲಿಯೇ ಸ್ಥಳೀಯ ಭಾಷೆಯನ್ನು ಕಲಿಸುತ್ತಾರೆ. ಆದರೆ ರೋಗಿಯ ಮಾತು ಕಿವಿಗೆ ಬಿದ್ದೊಡನೆ ಅರ್ಥವಾಗುವುದಕ್ಕೂ, ಮನಸ್ಸಿನಲ್ಲಿ ಅನುವಾದ ಮಾಡಿಕೊಂಡು ಅರ್ಥ ಮಾಡಿಕೊಳ್ಳುವುದಕ್ಕೂ ನಡುವೆ ಕಲಿಕೆಯ ಒಂದೆರಡು ವರ್ಷದ ಅಂತರವಿದೆ. ಆ ಅಂತರವನ್ನು ಒಪ್ಪಿಕೊಂಡು ಹೋಗುವುದಾದರೆ ಹೋಗಬೇಕು, ಅದು ಇಲ್ಲವೆಂದು ಭಾವಿಸಿ ಹೋಗಬಾರದು.

ನಾನು ಏಮ್ಸ್‌ಗಳ ವಿರೋಧಿಯಲ್ಲ. ವರ್ಷದ ಶುಲ್ಕ ಕೆಲವೇ ಸಾವಿರ, ಬೋಧಕರ ಆಯ್ಕೆ ಕಟ್ಟುನಿಟ್ಟು, ಸಂಶೋಧನೆಯ ಒಲವಿರುವ ಮಗುವಿಗೆ ಅಲ್ಲಿ ಸಿಗುವ ಅವಕಾಶ ನಮ್ಮ ಬಹುತೇಕ ಕಾಲೇಜುಗಳಲ್ಲಿ ಸಿಗದು. ಮುಂದೆ ಸ್ನಾತಕೋತ್ತರ ಓದಿಗೆ ಏಮ್ಸ್, ಜಿಪ್ಮರ್‌ಗಳಿಗೆ ಐಎನ್ಐ-ಸಿಇಟಿ ಎಂಬ ಪ್ರತ್ಯೇಕ ಪರೀಕ್ಷೆಯಿದ್ದು, ಏಮ್ಸ್‌ನಲ್ಲಿಯೇ ಎಂಬಿಬಿಎಸ್ ಮಾಡಿದವರಿಗೆ ಅಲ್ಲಿ ಒಂದಿಷ್ಟು ಸಾಂಸ್ಥಿಕ ಆದ್ಯತೆಯೂ ಇದೆ. ಅದೇ ವೇಳೆ, ಏಮ್ಸ್ ಎಂಬ ಒಂದೇ ಹೆಸರಿನಡಿ 1956ರಲ್ಲಿ ಹುಟ್ಟಿದ್ದೂ 2018ರಲ್ಲಿ ತರಗತಿ ಆರಂಭಿಸಿದ್ದೂ ಇವೆ, ಅವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಒಂದು ಊರಿನ ಆಸ್ಪತ್ರೆಗೆ ಜನ ನಂಬಿ ಬರುವುದಕ್ಕೆ ಒಂದು ತಲೆಮಾರು ಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಿಂದ ಇದೆ. 1955ರಲ್ಲಿ ಅಲ್ಲಿಗೆ ಕಾಲೇಜು ಬರುವ ಹೊತ್ತಿಗೆ ವಾರ್ಡುಗಳು ಅರ್ಧ ಶತಮಾನದಿಂದ ತುಂಬಿದ್ದವು. ಪಕ್ಕದಲ್ಲಿ ವಾಣಿವಿಲಾಸ, ಮಿಂಟೋ ಆಸ್ಪತ್ರೆಗಳು. ಕಟ್ಟಡ ಹಳತು, ಹಾಸ್ಟೆಲ್ಲಿನ ಬಗ್ಗೆ ದೂರುಗಳಿವೆ, ಆದರೆ ರೋಗಿಗಳಿಗೆ ಬರವಿಲ್ಲ.

ಯಾವ ಕಾಲೇಜಿನ ಬಗ್ಗೆ ತಿಳಿಯಬೇಕಾದರೂ ಪ್ರಿನ್ಸಿಪಾಲರನ್ನಲ್ಲ, ಅಂತಿಮ ವರ್ಷದವರನ್ನೂ ಇಂಟರ್ನ್‌ಗಳನ್ನೂ ಕೇಳಬೇಕು. ಕಾಲೇಜು ಹೇಗಿದೆ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ನಾವು ಅವಳ ಸೀನಿಯರ್‌ಗಳ ಮೂಲಕ ಆರೇಳು ಇಂಟರ್ನ್‌ಗಳಿಗೆ ಫೋನ್ ಮಾಡಿ ಕೇಳಿದ್ದು ಬೇರೆ. ನಿಮ್ಮ ಸ್ವಂತ ಕೈಯಿಂದ ಎಷ್ಟು ಹೆರಿಗೆ ಮಾಡಿಸಿದ್ದೀರಿ? ಗಾಯಕ್ಕೆ ಹೊಲಿಗೆ ಹಾಕುವವರು ನೀವೋ, ಪಿಜಿಗಳೋ (ಸ್ನಾತಕೋತ್ತರ ವಿದ್ಯಾರ್ಥಿಗಳೋ)? ರಕ್ತ ತೆಗೆಯುವುದು, ಸ್ಟ್ರೆಚರ್ ತಳ್ಳುವುದು, ವರದಿ ತರುವುದು, ಇದರಲ್ಲಿಯೇ ದಿನ ಕಳೆಯುತ್ತದೆಯೋ? ವಾರ್ಡಿನ ಪಾಠ ನಿಗದಿಯಾದ ಹೊತ್ತಿಗೆ ನಡೆಯುತ್ತದೆಯೋ? ಈ ಪ್ರಶ್ನೆಗಳಿಗೆ ಬಂದ ಉತ್ತರ ನಮ್ಮನ್ನು ಹಲವು ಸಲ ಬೆರಗುಗೊಳಿಸಿತು. ಬಹಳ ದೊಡ್ಡ ಹೆಸರಿನ ಒಂದು ಸಂಸ್ಥೆಯ ಹುಡುಗಿ, ಅಲ್ಲಿ ಪಿಜಿಗಳೂ ಸೂಪರ್ ಸ್ಪೆಷಾಲಿಟಿಯವರೂ ತುಂಬಿರುವುದರಿಂದ ತನ್ನ ಕೈಗೆ ಕೆಲಸ ಬರುವುದು ಅಪರೂಪವೆಂದಳು. ಸಣ್ಣ ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನ ಹುಡುಗ, ಹೆರಿಗೆ ವಾರ್ಡಿನ ಪಾಳಿಯಲ್ಲಿ ತಾನು ನಿದ್ದೆಯನ್ನೇ ಮರೆತಿದ್ದೆನೆಂದ. ಅವನ ದನಿಯಲ್ಲಿ ದಣಿವಿನೊಂದಿಗೆ ಹೆಮ್ಮೆಯೂ ಇತ್ತು.

ಹಣ ಮತ್ತು ಬಾಂಡಿನ (ಓದು ಮುಗಿದ ಮೇಲೆ ಇಂತಿಷ್ಟು ಕಾಲ ಸರ್ಕಾರಿ ಸೇವೆ ಮಾಡುವ ಕರಾರಿನ) ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಎಂಸಿಸಿಯಲ್ಲಿ ಅಖಿಲ ಭಾರತ ಕೋಟಾಕ್ಕೆ ಸಾಮಾನ್ಯ ವರ್ಗದವರ ಭದ್ರತಾ ಠೇವಣಿ 2025ರಲ್ಲಿ 10 ಸಾವಿರ, ಡೀಮ್ಡ್ ಕಾಲೇಜುಗಳಿಗಾದರೆ 2 ಲಕ್ಷ ಇತ್ತು. ಮೊದಲ ಸುತ್ತಿನಲ್ಲಿ ಸಿಕ್ಕಿದ ಸೀಟನ್ನು ಸೇರದೆ ಬಿಟ್ಟರೆ ಠೇವಣಿ ಹೋಗುವುದಿಲ್ಲ, ಎರಡನೆಯ ಸುತ್ತಿನಿಂದ ಹಾಗಲ್ಲ. ಎರಡನೆಯ ಸುತ್ತಿನಲ್ಲಿ ಮೇಲಿನ ಆಯ್ಕೆ ಸಿಕ್ಕರೆ ಮೊದಲಿನ ಸೀಟು ತಾನಾಗಿಯೇ ಕೈಬಿಡುತ್ತದೆ, ಮತ್ತೆ ಬೇಕೆಂದರೆ ಬರುವುದಿಲ್ಲ. ಆದ್ದರಿಂದ ಹೋಗಲು ಮನಸ್ಸಿಲ್ಲದ ಕಾಲೇಜನ್ನು ಸುಮ್ಮನೆ ಸಾಲು ತುಂಬಿಸಲು ಬರೆಯಲೇಬಾರದು. ಕೆಇಎಯಲ್ಲಿ ಅಣಕು ಹಂಚಿಕೆಯಾದ ಮೇಲೆ ಕ್ರಮ ಬದಲಿಸಲು ಅವಕಾಶವಿದೆ, ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಆರಿಸಬೇಕು. ಒಂದನೆಯದೆಂದರೆ ಇದೇ ಸಾಕು, ಎರಡನೆಯದೆಂದರೆ ಇದನ್ನಿಟ್ಟುಕೊಂಡು ಮೇಲಿನದಕ್ಕೆ ಕಾಯುತ್ತೇನೆ, ಮೂರನೆಯದೆಂದರೆ ಇದು ಬೇಡ ಆದರೆ ಮುಂದಿನ ಸುತ್ತಿಗೆ ಬರುತ್ತೇನೆ, ನಾಲ್ಕನೆಯದೆಂದರೆ ಹೊರಟೆ. ಗಡಿಬಿಡಿಯಲ್ಲಿ ಮೂರನ್ನು ಒತ್ತಿ ಸಿಕ್ಕಿದ್ದನ್ನೂ ಕಳೆದುಕೊಂಡವರಿದ್ದಾರೆ. ಬಾಂಡಿನ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಪ್ರವೇಶ ಪುಸ್ತಿಕೆಯಲ್ಲಿ ಆ ಪುಟವನ್ನೇ ಮೊದಲು ಓದಬೇಕು.

ಇನ್ನೊಂದು ಸಂಗತಿಯನ್ನು ಹೆಚ್ಚಿನ ಮನೆಗಳಲ್ಲಿ ಯಾರೂ ಯೋಚಿಸುವುದಿಲ್ಲ. ಎಂಬಿಬಿಎಸ್ ಓದಿದ ಜಾಗ ಪಿಜಿ ಸೀಟಿನ ಮೇಲೆಯೂ ಪರಿಣಾಮ ಬೀರುತ್ತದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿ ವಾಸಸ್ಥಳವನ್ನು ಆಧರಿಸಿದ ಮೀಸಲಾತಿ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ನೀಡಿತು, ಆದರೆ ಅಲ್ಲಿಯೇ ಎಂಬಿಬಿಎಸ್ ಓದಿದವರಿಗೆ ಮಿತವಾದ ಆದ್ಯತೆ ಕೊಡುವುದನ್ನು ಒಪ್ಪಿತು. ಅಂದರೆ ಕರ್ನಾಟಕದವಳು ಎಂಬ ಗುರುತಿಗಿಂತ ಕರ್ನಾಟಕದಲ್ಲಿ ಎಂಬಿಬಿಎಸ್ ಓದಿದವಳು ಎಂಬ ಗುರುತು ಮುಂದೆ ಹೆಚ್ಚು ತೂಗಬಹುದು. ಹದಿನೆಂಟರ ಮಗುವಿಗೆ ಇದನ್ನೆಲ್ಲ ಹೊರಿಸುವುದು ಸರಿಯೇ ಎಂದು ನನಗೂ ಅನ್ನಿಸಿತು, ಆದರೆ ಹೇಳದೆ ಇರುವುದು ಅದಕ್ಕಿಂತ ತಪ್ಪು.

ಚೀಟಿಗಳು ಹದಿನೈದು ದಿನ ಮೇಜಿನ ಮೇಲೆಯೇ ಇದ್ದವು. ಊಟದ ಹೊತ್ತಿಗೆ ಅತ್ತಿಗೆ ಅವನ್ನು ಅದೇ ಕ್ರಮದಲ್ಲಿ ಎತ್ತಿ ಫ್ರಿಜ್ಜಿನ ಮೇಲಿಟ್ಟು, ಆಮೇಲೆ ಮತ್ತೆ ಹರಡುತ್ತಿದ್ದರು. ಒಂದು ಬೆಳಿಗ್ಗೆ ನಾನು ಹೋದಾಗ ಎರಡೇ ಸಾಲು ಉಳಿದಿದ್ದವು. ಎಂಸಿಸಿಯ ಸಾಲಿನಲ್ಲಿ ಒಂದೇ ಚೀಟಿ, ಜಿಪ್ಮರ್. ಕೆಇಎಯ ಸಾಲಿನಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ. ಜಿಪ್ಮರಿನ ಇಬ್ಬರು ಇಂಟರ್ನ್‌ಗಳು ಹೇಳಿದ ವಾರ್ಡಿನ ವಿವರ ಅವಳ ಮನಸ್ಸಿಗೆ ಹಿಡಿಸಿತ್ತು, ಅದಕ್ಕಾಗಿ ತಮಿಳು ಕಲಿಯಲು ತಯಾರಿದ್ದಳು. ಅದು ಸಿಗದಿದ್ದರೆ ಬೆಂಗಳೂರು. ಉಳಿದ ಏಮ್ಸ್‌ಗಳ ಚೀಟಿಗಳನ್ನು ಅವಳು ಪುಸ್ತಕದೊಳಗೆ ಇಟ್ಟುಬಿಟ್ಟಿದ್ದಳು.

ಅಣ್ಣ ಎರಡು ದಿನ ಮಾತಾಡಲಿಲ್ಲ. ಅವನ ಕಳವಳವನ್ನು ನಾನು ಹಗುರವಾಗಿ ಕಾಣಲಾರೆ. ರಾಜ್ಯದ ಪಟ್ಟಿಯಲ್ಲಿ ಬೆಂಗಳೂರು ಸಿಗುವುದು ಹಿಂದಿನ ವರ್ಷಗಳ ಪಟ್ಟಿ ನೋಡಿದರೆ ನಿಶ್ಚಿತವಾಗಿತ್ತು, ಹಾಗಾಗಿ ಎಂಸಿಸಿಯಲ್ಲಿ ಒಂದೇ ಹೆಸರಿನ ಪಟ್ಟಿ ಅವಳಿಗೆ ಸರಿಹೋಯಿತು. ಅಂಥ ನಿಶ್ಚಯ ಇಲ್ಲದವರು ಹಾಗೆ ಮಾಡಬಾರದು. ಮೂರನೆಯ ದಿನ ಅಣ್ಣ ತಾನೇ ಲ್ಯಾಪ್‌ಟಾಪ್ ತೆರೆದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಟಿಪಿಗಾಗಿ ತನ್ನ ಫೋನನ್ನು ಕಿಟಕಿಯ ಸಿಗ್ನಲ್ ಸಿಗುವ ಜಾಗದಲ್ಲಿಟ್ಟು, ಅವಳು ಹೇಳಿದ ಕ್ರಮವನ್ನೇ ತುಂಬಿಸಿದ. ಜಿಪ್ಮರ್ ಸಿಗಲಿಲ್ಲ. ಕೆಇಎಯ ಮೊದಲ ಸುತ್ತಿನಲ್ಲಿ ಬೆಂಗಳೂರು ಬಂತು. ಚಾಯ್ಸ್ ಒಂದನ್ನು ಒತ್ತುವಾಗ ಅಪ್ಪನನ್ನೂ ಕರೆದೆವು.

ಮೊನ್ನೆ ರಜೆಗೆ ಬಂದವಳು ರಾತ್ರಿ ನನ್ನ ಮನೆಗೆ ಬಂದಳು. ಮೊದಲ ವರ್ಷದಲ್ಲಿಯೇ ಆಗಾಗ ಆಸ್ಪತ್ರೆಗೆ ಕರೆದೊಯ್ಯುತ್ತಾರಂತೆ. ಅವಳ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ರೋಗಿಗಳ ಬಾಯಲ್ಲಿ ಕೇಳಿದ ಪದಗಳು ಒಂದರ ಕೆಳಗೊಂದು ಇದ್ದವು, ರಾಯಚೂರಿನವರದು, ಕೋಲಾರದವರದು, ಚಾಮರಾಜನಗರದವರದು. ಕನ್ನಡವೇ, ಆದರೆ ನಮ್ಮ ಕರಾವಳಿಯ ಕನ್ನಡವಲ್ಲ. ಒಂದು ಪದದ ಕೆಳಗೆ ಎರಡು ಗೆರೆ ಎಳೆದಿದ್ದಳು.

"ಅತ್ತೆ, ಸಂಕಟ ಆಗ್ತದೆ ಅಂತ ಒಬ್ಬರು ಎಷ್ಟು ಸಲ ಹೇಳಿದರು ಗೊತ್ತಾ. ಸಂಕಟ ಅಂದರೆ ಅವರಿಗೆ ಎದೆ ಉರಿಯಾ, ವಾಂತಿ ಬರುವ ಹಾಗಾ, ಅಥವಾ ಬರೀ ಬೇಜಾರಾ?"

ಮೂರೂ ಇರಬಹುದು, ಕೈಯಿಟ್ಟು ತೋರಿಸಲು ಹೇಳು ಎಂದೆ. ಅವಳು ಪೆನ್ನು ತೆಗೆದು ಅದನ್ನೂ ಪಕ್ಕದಲ್ಲಿ ಬರೆದುಕೊಂಡಳು.